ಅಂಗಳದಲ್ಲಿ ಅಳೆದ ಕೋಲು

“ಬೂಟು ಹೊರಗ ಬಿಡ್ರಿ ಸಾಹೇಬ್ರ,” ಎಂದಳು ಕಾಶೆವ್ವ.

ಅವಳ ಗಂಡ ಮಾಲಿಂಗಪ್ಪ ತಲೆಯೊಡೆಸಿಕೊಂಡು ಗೋಕಾಕದ ಆಸ್ಪತ್ರೆಯಲ್ಲಿ ಕಣ್ಣು ತೆರೆಯದೆ ಮಲಗಿದ್ದ. ಮನೆಯ ಮುಂದೆ ಪೊಲೀಸ್ ಜೀಪು ನಿಂತಿತ್ತು. ಆದರೂ ಪಡಸಾಲೆಯ ನಿಯಮ ನಿಯಮವೇ. ಹುಕ್ಕೇರಿಯ ಸರ್ಕಲ್ ಇನ್‌ಸ್ಪೆಕ್ಟರ್ ಬಾಳೇಶ ಬಗ್ಗಿ ಬೂಟಿನ ಲಾಡಿ ಬಿಚ್ಚಿದ. ಕಾಲುಚೀಲದ ತೂತಿನಿಂದ ಎಡಗಾಲ ಹೆಬ್ಬೆರಳು ಹೊರಗೆ ಇಣುಕಿತು. ಹಿಂದೆ ನಿಂತಿದ್ದ ಹೆಡ್ ಕಾನ್‌ಸ್ಟೆಬಲ್ ಮರೆವ್ವ ಅದನ್ನು ಕಂಡೂ ಕಾಣದವಳಂತೆ ಗೋಡೆ ನೋಡಿದಳು.

ಗೋಡೆಯ ಮೇಲೆ ಬಸವಣ್ಣನ ದೊಡ್ಡ ಪಟ. ಅದರ ಕೆಳಗೆ ದೇವರ ಮಾಡ. ಮಾಡದ ಪಕ್ಕದಲ್ಲಿ, ಅದೇ ವಿಭೂತಿಯ ಪಟ್ಟೆ ಬಳಿದುಕೊಂಡು, ಮಾಲಿಂಗಪ್ಪನ ಕಟ್ಟಿಗೆ ಕಡೆಯುವ ಲೇತು ಯಂತ್ರ.

ಮಾಲಿಂಗಪ್ಪ ಮೊದಲು ಗೋಕಾಕದ ಬಣ್ಣದ ಗೊಂಬೆ ಕಡೆಯುತ್ತಿದ್ದವನು. ಘಟಪ್ರಭೆಯ ದಂಡೆಯ ಮೇಲೆ ಕಬ್ಬಿನ ಹೊಲಗಳ ನಡುವೆ ಗಾಲ್ಫ್ ಮಂಡಳಿ ಹುಟ್ಟಿಕೊಂಡ ಮೇಲೆ ಗೊಂಬೆ ಬಿಟ್ಟು ಕೋಲು ಹಿಡಿದಿದ್ದ. ಊರಲ್ಲಿ ದೊಡ್ಡವರೆನಿಸಿಕೊಂಡವರೆಲ್ಲ ಯಾರ್‍ಯಾರದೋ ಹಳೆಯ ಕೋಲು ಕೊಂಡು ತರುವರು. ಮಾಲಿಂಗಪ್ಪ ಅವನ್ನು ಅವರವರ ಮೈಕಟ್ಟಿಗೆ ಹೊಂದಿಸಿ ಕೊಡುವನು. ಉದ್ದವಾದರೆ ತುದಿ ಕತ್ತರಿಸುವುದು, ಗಿಡ್ಡವಾದರೆ ಒಳಗೆ ಕಟ್ಟಿಗೆಯ ಬೆಣೆ ಹೊಡೆದು ತುಂಡು ಜೋಡಿಸುವುದು. ಲೆಕ್ಕ ಸರಳ. ಆಟಗಾರ ನೆಟ್ಟಗೆ ನಿಂತು ಕೈ ಇಳಿಬಿಡಬೇಕು. ಮಣಿಕಟ್ಟಿನ ಗೆರೆಯಿಂದ ನೆಲಕ್ಕೆ ಎಷ್ಟೋ, ಅದಕ್ಕೆ ತಕ್ಕಂತೆ ಕೋಲಿನ ಉದ್ದ.

ಅವನದೇ ಆದ ಇನ್ನೊಂದು ಪದ್ಧತಿಯೂ ಇತ್ತು. ರಬ್ಬರಿನ ಹಿಡಿ ತೊಡಿಸುವ ಮುಂಚೆ ಒಳಗೆ ಒಂದು ಪಟ್ಟಿ ಅರಿವೆ ಸುತ್ತುತ್ತಿದ್ದ. ಆ ಅರಿವೆಯನ್ನು ಗಿರಾಕಿಯೇ ಮನೆಯಿಂದ ತರಬೇಕು. ತೊಟ್ಟು ತೊಟ್ಟು ಮೆತ್ತಗಾದ ಹತ್ತಿಯದ್ದಾಗಿರಬೇಕು. ಪೇಟೆಯ ಅಂಟುಪಟ್ಟಿ ಬೆವರಿಗೆ ಜಾರುತ್ತದೆ, ಮನೆಯ ಅರಿವೆ ಕೈ ಬಿಡುವುದಿಲ್ಲ ಎಂಬುದು ಅವನ ವಾದ.

ಇಂಥ ನಿರುಪದ್ರವಿಯ ನೆತ್ತಿಗೆ ಯಾರೋ ಏಳನೇ ನಂಬರಿನ ಕಬ್ಬಿಣದ ಕೋಲು ಬೀಸಿದ್ದರು. ಕಾಶೆವ್ವ ಸಂತೆಯಿಂದ ಬಂದಾಗ ಲೇತಿನ ಬುಡದಲ್ಲಿ ಗಂಡ, ಪಕ್ಕದಲ್ಲಿ ನೀಲಿ ಹಿಡಿಯ ಕೋಲು. ಬೆಳಗಾವಿಯ ಪ್ರಯೋಗಾಲಯದವರು ರಕ್ತದ ಗುರುತು ತೆಗೆದುಕೊಂಡು, ಬೆರಳಿನ ಗುರುತು ಯಾರೋ ಒರೆಸಿದ್ದಾರೆಂದು ಹೇಳಿ ಕೋಲನ್ನು ವಾಪಸು ಕಳಿಸಿದ್ದರು.

ನೀಲಿ ಹಿಡಿಯ ಕೋಲು ಮಂಡಳಿಯಲ್ಲಿ ಇದ್ದುದು ಒಬ್ಬನ ಬಳಿ. ಮೂಡಲಗಿಯ ದನದ ದವಾಖಾನೆಯ ಡಾಕ್ಟರ ಕಿಶೋರ. ಅವನ ಚೀಲದಲ್ಲಿ ಏಳನೇ ನಂಬರು ಕಾಣೆಯಾಗಿತ್ತು. ಹಿಡಿ ಬದಲಿಸಲು ಮಾಲಿಂಗಪ್ಪನಿಗೆ ಕೊಟ್ಟಿದ್ದೆ ಎಂಬುದು ಅವನ ಮಾತು. ಪೆಟ್ಟು ಬಿದ್ದ ದಿನ ಅವನ ಮೋಟರ್ ಸೈಕಲ್ಲು ಈ ಓಣಿಯಲ್ಲಿ ನಿಂತದ್ದನ್ನು ಕಂಡವರೂ ಇದ್ದರು.

ಬಾಳೇಶನಿಗೆ ಇದೆಲ್ಲ ಬಹಳ ರುಚಿಯಾಗಿ ಕಂಡಿತ್ತು.

ರುಚಿಗೆ ಕಾರಣವಿತ್ತು. ಎರಡು ವರ್ಷದಿಂದ ಮಂಡಳಿಯ ಬಹುಮಾನದ ಕಪ್ಪು ಕಿಶೋರನ ಮನೆಯ ಕಪಾಟಿನಲ್ಲಿತ್ತು. ಎರಡೂ ಸಲ ಸೋತು ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೊಂಡವನು ಬಾಳೇಶ. ಆ ಫೋಟೋದಲ್ಲಿ ಇಬ್ಬರ ಹೆಗಲೂ ಒಂದೇ ಎತ್ತರ, ಇಳಿಬಿಟ್ಟ ಕೈಗಳೂ ಒಂದೇ ಉದ್ದ. ಬಾಳೇಶ ಅದನ್ನು ಕನ್ನಡಕ ಹಾಕಿಕೊಂಡೂ ತೆಗೆದೂ ಎಷ್ಟೋ ಸಲ ನೋಡಿದ್ದ. ದೇವರು ಇಬ್ಬರಿಗೂ ಒಂದೇ ಮೈ ಕೊಟ್ಟು ಚೆಂಡನ್ನು ಮಾತ್ರ ಒಬ್ಬನ ಮಾತು ಕೇಳುವಂತೆ ಮಾಡಿದ್ದು ಯಾಕೆ ಎಂಬುದು ಅವನಿಗೆ ಬಗೆಹರಿದಿರಲಿಲ್ಲ.

ಇನ್ನೂ ಬಗೆಹರಿಯದ್ದು, ಕಳೆದ ಬಹುಮಾನದ ದಿನ ಹೆಂಡತಿ ಲಕ್ಷ್ಮೀ ಹೊಡೆದ ಚಪ್ಪಾಳೆ. ಅರಿಶಿನ ಬಣ್ಣದ ಇಳಕಲ್ ಸೀರೆ, ಅಂಚಿಗೆ ಕೆಂಪು ಗೋಮಿ ನೇಯ್ಗೆ. ಕಿಶೋರನ ಚೆಂಡು ಕಬ್ಬಿನ ಮೇಲಿಂದ ಹಾರಿ ಎಲ್ಲಿ ಬಿತ್ತೆಂದು ನೋಡಲು ಬೇಲಿಯ ತನಕ ಓಡಿ, ಮುಳ್ಳುತಂತಿಗೆ ಸೆರಗು ಸಿಕ್ಕಿಸಿ ಹರಿದುಕೊಂಡಿದ್ದಳು. ಅಲ್ಲೇ ಯಾರೋ ಹಸಿರು ನೂಲಿನಲ್ಲಿ ಹೊಲಿದು ಕೊಟ್ಟರಂತೆ. ಹಳದಿ ನೂಲು ಸಿಗಲಿಲ್ಲವಂತೆ. ಯಾರು ಹೊಲಿದರೆಂದು ಬಾಳೇಶ ಕೇಳಲಿಲ್ಲ. ಅವನ ತಲೆ ತುಂಬ ಚಪ್ಪಾಳೆಯೇ ಇತ್ತು. ಆ ಮೇಲೆ ಅವಳು ಆ ಸೀರೆ ಉಟ್ಟಾಗಲೆಲ್ಲ ಅವನಿಗೆ ಊಟ ಸೇರುತ್ತಿರಲಿಲ್ಲ.

ಬರುವ ಐತವಾರ ಮತ್ತೆ ಫೈನಲ್ಲು. ಮತ್ತೆ ಕಿಶೋರ, ಮತ್ತೆ ಬಾಳೇಶ. ಎದುರಾಳಿ ಲಾಕಪ್ಪಿನಲ್ಲಿದ್ದರೆ ಆಡದೆಯೇ ಗೆಲ್ಲಬಹುದೆಂದು ಮಂಡಳಿಯ ನಿಯಮಾವಳಿಯಲ್ಲಿ ಎಲ್ಲೂ ಬರೆದಿರಲಿಲ್ಲ. ಗೆಲ್ಲಬಾರದೆಂದೂ ಬರೆದಿರಲಿಲ್ಲ.

“ಈ ಕೇಸು ಬ್ಯಾರೆ ಸಾಹೇಬ್ರಿಗೆ ಕೊಡತೀರೇನ್ರಿ ಸರ್?” ಎಂದು ಮರೆವ್ವ ಬೆಳಿಗ್ಗೆ ಕೇಳಿದ್ದಳು. ಬಾಳೇಶ ಆಗ ಕಿಟಕಿಯ ಹೊರಗೆ ಏನನ್ನೋ ಬಹಳ ಗಮನವಿಟ್ಟು ನೋಡುತ್ತಿದ್ದ.

ಈಗ ಅವನು ಪಡಸಾಲೆಯ ನಡುವೆ ನಿಂತು ಕೈ ಇಳಿಬಿಟ್ಟ. ಮರೆವ್ವ ಮೊಣಕಾಲೂರಿ ಮಣಿಕಟ್ಟಿನಿಂದ ನೆಲಕ್ಕೆ ಟೇಪು ಹಿಡಿದಳು. ಆಮೇಲೆ ಅವನದೇ ಏಳನೇ ಕೋಲನ್ನು ತಂದು ನೆಲಕ್ಕೂರಿದಳು. ಅಳತೆ ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ಮಾಲಿಂಗಪ್ಪ ಮಾಡಿದ್ದು, ಈ ನೆಲದ ಮೇಲೇ ನಿಲ್ಲಿಸಿ.

ಪಕ್ಕಕ್ಕೆ ರಕ್ತದ ಕೋಲನ್ನು ಇಟ್ಟರು. ಅದು ಇದಕ್ಕಿಂತ ಹೆಬ್ಬೆರಳಿನ ದಪ್ಪದಷ್ಟು ಹೆಚ್ಚು ಉದ್ದವಿತ್ತು.

“ಒಂದೇ ಎತ್ತರದವರಿಗೆ ಎರಡು ಉದ್ದ ಹೆಂಗಾತು?” ಎಂದು ಬಾಳೇಶ ತನ್ನಷ್ಟಕ್ಕೆ ಗೊಣಗಿದ. ಡಾಕ್ಟರ ಒಳಗಿಂದೊಳಗೆ ಮಾಲಿಂಗಪ್ಪನ ಕೈ ಬೆಚ್ಚಗೆ ಮಾಡಿ ಏನೋ ಗುಟ್ಟು ಮಾಡಿಸಿಕೊಂಡಿದ್ದಾನೆ ಎಂದು ಮಂಡಳಿಯಲ್ಲಿ ಎಲ್ಲರೂ ಮೊದಲಿಂದ ಹೇಳುತ್ತಿದ್ದರು. ಹೋದ ವಾರವೇ ಮಂಡಳಿಯ ಅಧ್ಯಕ್ಷ, ಬೆಲ್ಲದ ವ್ಯಾಪಾರಿ ವೀರಪ್ಪ ಇಲ್ಲಿಗೆ ಬಂದು, ಡಾಕ್ಟರನಿಗೆ ಮಾಡಿದ್ದನ್ನೇ ನನಗೂ ಮಾಡು ಎಂದು ಮಾಲಿಂಗಪ್ಪನ ಮೇಲೆ ಕೂಗಾಡಿ ಹೋಗಿದ್ದನೆಂದು ಕಾಶೆವ್ವ ಹೇಳಿದಳು. ಮಾಲಿಂಗಪ್ಪ ಒಂದೇ ಮಾತಿಗೆ ಅಂಟಿಕೊಂಡಿದ್ದನಂತೆ: ಎಲ್ಲರಿಗೂ ಒಂದೇ ಲೆಕ್ಕ.

ಬಾಳೇಶ ಹೊರಗೆ ಬಂದು ಬೂಟು ಹಾಕಿಕೊಂಡ. ಅಂಗಳದಲ್ಲಿ ಗೊಂಡೆ ಹೂವಿನ ಗಿಡ. ಕೈಯಲ್ಲಿ ಕೋಲಿದ್ದರೆ ಯಾವ ಗಾಲ್ಫ್ ಆಟಗಾರನೂ ಸುಮ್ಮನೆ ನಿಲ್ಲಲಾರ. ಕಾಲು ಅಗಲಿಸಿ, ಉದುರಿದ ಹೂವಿಗೆ ಗುರಿಯಿಟ್ಟು ತನ್ನ ಕೋಲನ್ನು ಇಳಿಸಿದ.

ಕೋಲು ನೆಲ ಮುಟ್ಟಲಿಲ್ಲ.

ಮುಟ್ಟಿಸಲು ಬಗ್ಗಬೇಕಾಯಿತು. ಎರಡು ವರ್ಷದಿಂದ ಬಗ್ಗಿಯೇ ಹೊಡೆಯುತ್ತಿದ್ದ. ಬಗ್ಗಿದಾಗ ಚೆಂಡಿನ ನೆತ್ತಿ ತಾಗಿ ಅದು ಮೊಲದಂತೆ ನೆಲದ ಮೇಲೆ ಜಿಗಿದು ಕಬ್ಬಿಗೆ ನುಗ್ಗುವುದು. ತನ್ನ ಸೊಂಟದ ದೋಷವೆಂದು ತಿಳಿದು ಎಣ್ಣೆ ತಿಕ್ಕಿಸಿಕೊಂಡಿದ್ದ.

ಮರೆವ್ವನ ಕೈಯಿಂದ ರಕ್ತದ ಕೋಲನ್ನು, ಅದರ ಪ್ಲಾಸ್ಟಿಕ್ ಚೀಲದ ಸಮೇತ, ತೆಗೆದುಕೊಂಡು ಹಿಡಿದ. ಬೆನ್ನು ನೆಟ್ಟಗೆ, ಕೈ ಸಡಿಲ, ಕೋಲಿನ ತಲೆ ಹೂವಿನ ಹಿಂದೆ ಮೆಲ್ಲಗೆ ಕೂತಿತು. ತನಗೇ ಹೇಳಿ ಮಾಡಿಸಿದಂತಿತ್ತು.

ಬಾಳೇಶ ತನ್ನ ಬೂಟನ್ನು ನೋಡಿದ. ಅಟ್ಟೆಯ ದಪ್ಪ, ಒಂದು ಹೆಬ್ಬೆರಳು.

ಮಾಡದ ಮುಂದೆ ಬರಿಗಾಲು. ಬರಿಗಾಲಲ್ಲಿ ಅಳತೆ. ಬೂಟು ಹಾಕಿ ಆಟ. ಗೋಕಾಕ, ಹುಕ್ಕೇರಿ, ಮೂಡಲಗಿಯ ಸಮಸ್ತ ಗಣ್ಯರು ಭಕ್ತಿಯಿಂದ ಬೂಟು ಕಳಚಿಟ್ಟು ಅಟ್ಟೆಯಷ್ಟು ಗಿಡ್ಡ ಕೋಲು ಮಾಡಿಸಿಕೊಂಡು ಹೋಗಿದ್ದರು. ಬಾಳೇಶನಿಗೆ ಹೊಡೆದವನ ಮೇಲೆ ಬರಬೇಕಾದ ಸಿಟ್ಟು, ಒಂದು ಗಳಿಗೆ, ಹೊಡೆಸಿಕೊಂಡವನ ಮೇಲೆ ಬಂತು.

“ಕಾಶೆವ್ವ, ಡಾಕ್ಟರಗ ಎಲ್ಲಿ ನಿಲ್ಲಿಸಿ ಅಳದಿದ್ದ ನಿನ್ನ ಗಂಡ?”

ಅವಳು ಸೆರಗು ಸರಿಮಾಡಿಕೊಂಡಳು. “ಇಲ್ಲೇ ಅಂಗಳದಾಗರಿ.”

“ಒಳಗ ಯಾಕ ಕರೀಲಿಲ್ಲ?”

“ಅವರ ಮಂದಿ ಬ್ಯಾರೆ ಅಲ್ಲೇನ್ರಿ.” ಆಮೇಲೆ ಸ್ವಲ್ಪ ತಡೆದು, “ನಮ್ಮನಿಯವರು ಕರಿಯೂನು ಅಂದ್ರು. ನಾನಽ ಬ್ಯಾಡಂದೆ. ಚಾ ಮಾತ್ರ ಹೊರಗ ಕೊಟ್ಟೇನ್ರಿ,” ಎಂದಳು.

ತೆರೆದ ಬಾಗಿಲಿನಿಂದ ಪಟದ ಬಸವಣ್ಣ ಕಾಣುತ್ತಿದ್ದ. ಬಾಳೇಶ ಈಗಷ್ಟೇ ಆ ಪಟದ ಕೆಳಗೆ ಕೂತು ಚಹಾ ಕುಡಿದು ಬಂದಿದ್ದ. ಅವನು ಬಗ್ಗಿ ಬೂಟಿನ ಲಾಡಿಯನ್ನು ಮತ್ತೊಮ್ಮೆ ಬಿಗಿದ. ಮರೆವ್ವ ಹೊಸ್ತಿಲನ್ನೊಮ್ಮೆ ನೋಡಿ, ಟೇಪು ಸುತ್ತಿ ಜೇಬಿಗೆ ಹಾಕಿದಳು.

ಬೂಟು ಹಾಕಿಕೊಂಡು ಅಳತೆ ಕೊಟ್ಟವನು ಒಬ್ಬನೇ. ಬೂಟಿನ ಅಳತೆಯ ಕೋಲು ರಕ್ತದಲ್ಲಿ ಸಿಕ್ಕಿದೆ. ಬಾಳೇಶ ಜೀಪು ಹತ್ತಿ ಮೂಡಲಗಿ ಎಂದ.

ಗೋಕಾಕ ದಾಟುವಾಗ ವೀರಪ್ಪನ ಫೋನು ಬಂತು. ಬೆಲ್ಲದ ವ್ಯಾಪಾರಿಯ ದನಿಯೂ ಬೆಲ್ಲದ್ದೇ. ಹೆಂಗ ನಡದೈತಿ ತಪಾಸ, ಡಾಕ್ಟರನ್ನ ಯಾವಾಗ ಹಿಡೀತೀರಿ ಎಂದು ವಿಚಾರಿಸಿದ. ಕೊನೆಗೆ, ಕಪ್ಪು ಇನ್ನ ನಮ್ಮವರಾಗ ಉಳೀತೈತಿ ಬಿಡ್ರಿ ಎಂದು ನಕ್ಕ. ಬಾಳೇಶನೂ ನಕ್ಕ. ಫೋನು ಇಟ್ಟ ಮೇಲೆ ಆ ನಗೆ ಬಾಯಲ್ಲಿ ಹುಳಿಯಾಗಿ ಮೂಡಲಗಿ ದಾರಿಯ ಮಸಗುಪ್ಪಿಯವರೆಗೂ ಉಳಿಯಿತು.

ದವಾಖಾನೆಯ ಅಂಗಳದಲ್ಲಿ ಕಿಶೋರ ಒಂದು ಎಮ್ಮೆಯ ಹಿಂದೆ ನಿಂತಿದ್ದ. ತೋಳಿನ ತನಕ ರಬ್ಬರಿನ ಕೈಗವಸು, ಮುಕ್ಕಾಲು ತೋಳು ಎಮ್ಮೆಯೊಳಗೆ. ಎಮ್ಮೆಯ ಒಡೆಯರಿಬ್ಬರು ಕಟ್ಟೆಯ ಮೇಲೆ ಕೂತಿದ್ದರು.

“ಗಬ್ಬ ಐತಿ,” ಎಂದು ಅವರಿಗೆ ಹೇಳಿ, ಕೈ ತೊಳೆದುಕೊಂಡು ಬಂದ. ಆ ಸಮಾಧಾನವೂ ಬಾಳೇಶನಿಗೆ ಸೇರಲಿಲ್ಲ.

“ಇದು ನಿಂದು,” ಎಂದ ಬಾಳೇಶ, ಕೋಲು ಮುಂದೆ ಹಿಡಿದು.

“ಹಿಡಿ ನನ್ನ ಬಣ್ಣದ್ದು. ಕೋಲು ನಂದಲ್ರಿ.”

“ಅಳತಿ ನಿಂದಽ.”

“ನನ್ನ ಅಳತಿ ಅಂದ್ರ ನಿಮ್ಮ ಅಳತೀನೂ ಹೌದಲ್ರಿ ಸಾಹೇಬ್ರ. ಫೋಟೋ ನೋಡಿಲ್ಲೇನು?”

ಬಾಳೇಶನ ಕಿವಿ ಬಿಸಿಯಾಯಿತು. ಆ ದಿನ ಮಾಲಿಂಗಪ್ಪನ ಮನೆಗೆ ಯಾಕೆ ಹೋಗಿದ್ದೆ ಎಂದು ಕೇಳಿದ. ಕೋಲು ತರಲು ಹೋಗಿದ್ದೆ, ಅಂಗಳದಲ್ಲಿ ನಿಂತು ಕೂಗಿದೆ, ಯಾರೂ ಓಗೊಡಲಿಲ್ಲ, ತಿರುಗಿ ಬಂದೆ ಎಂದ ಕಿಶೋರ.

“ಬಾಗಿಲು?”

“ತೆರದಿತ್ತು.”

“ತೆರದಿದ್ರ ಒಳಗ ಹೊಕ್ಕು ನೋಡಾಕ ಏನಾಗಿತ್ತು?”

“ಆ ಮನ್ಯಾಗ ಒಳಗ ಹೊಕ್ಕು ರೂಢಿಲ್ಲ ನನಗ.” ಕಿಶೋರನ ದನಿ ಏರಲಿಲ್ಲ. “ರೂಢಿ ಇದ್ದಿದ್ರ ಮಾಲಿಂಗಪ್ಪ ಅಷ್ಟೊತ್ತು ನೆಲದ ಮ್ಯಾಲ ಬಿದ್ದಿರತಿದ್ದಿಲ್ಲ.”

ಕಟ್ಟೆಯ ಮೇಲಿನ ಇಬ್ಬರೂ ಎಮ್ಮೆ ನೋಡುವುದನ್ನು ಬಿಟ್ಟು ಇತ್ತ ತಿರುಗಿದರು.

“ಒಂದು ಮಾತ್ರ ಕಂಡೆ,” ಎಂದ ಕಿಶೋರ. “ಹೊಸ್ತಿಲ ಮುಂದ ಒಂದು ಜೋಡು ಚಪ್ಪಲ್ ಇದ್ದವು. ಹೆಣ್ಮಕ್ಕಳವು. ಕಾಶೆವ್ವ ಹಿತ್ತಲದಾಗ ಇರಬೇಕು ಅನಕೊಂಡೆ.”

ಕಾಶೆವ್ವನ ಚಪ್ಪಲಿ ಆ ಹೊತ್ತಿನಲ್ಲಿ ಕಾಶೆವ್ವನ ಕಾಲಲ್ಲಿ, ಸಂತೆಯಲ್ಲಿತ್ತು. ಮರೆವ್ವ ತಲೆ ಎತ್ತಿದಳು. ಬಾಳೇಶ ಎತ್ತಲಿಲ್ಲ. ತಪ್ಪಿಸಿಕೊಳ್ಳುವವನಿಗೆ ಸುಲಭಕ್ಕೆ ಸಿಗುವ ವಸ್ತುವೆಂದರೆ ಒಂದು ಜೋಡಿ ಚಪ್ಪಲಿ ಎಂದುಕೊಂಡ.

“ಬೂಟಿನ ಗುಟ್ಟು ನನಗ ತಿಳದೈತಿ,” ಎಂದ. “ಹೊರಗ ಅಳತಿ ಕೊಟ್ಟಾವ ನೀ ಒಬ್ಬಾವ. ನಮ್ಮೆಲ್ಲಾರ ಕೋಲು ಗಿಡ್ಡ, ನಿಂದೊಂದಽ ಬರೋಬ್ಬರಿ. ಇದು ಬರೋಬ್ಬರಿ ಕೋಲು. ಅಂದ್ರ ನಿಂದು.”

ಕಿಶೋರ ಅವನನ್ನೇ ನೋಡಿದ. “ಅಂತೂ ತಿಳೀತಲ್ರಿ. ಎರಡು ವರ್ಷ ಹಿಡೀತು.”

“ನಿನಗ ಗೊತ್ತಿತ್ತು?”

“ಮೊದಲನೇ ದಿನಾನಽ. ನೀವೆಲ್ಲಾರೂ ಬಗ್ಗಿ ಹೊಡೆಯೂದು ನೋಡಿದ ಕೂಡ್ಲೆ.”

“ಹೇಳಬೇಕು ಅನಸಲಿಲ್ಲ?”

“ಹೇಳೂದಂದ್ರ, ನಾ ಯಾಕ ಹೊರಗ ನಿಂತಿದ್ದೆ ಅನ್ನೂದೂ ಹೇಳಬೇಕಾಗತಿತ್ತು. ಅದು ನಿಮಗೆಲ್ಲಾ ಗೊತ್ತಿದ್ದಽ ವಿಷಯ. ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.” ಟವೆಲ್ಲನ್ನು ಹೆಗಲ ಮೇಲೆ ಹಾಕಿಕೊಂಡ. “ಆ ಹಿಡಿ ಬಿಚ್ಚಿ ನೋಡ್ರಿ. ನನ್ನ ಕೋಲಿಗೆ ಎಂದೂ ತುಂಡು ಜೋಡಿಸಿಲ್ಲ, ಜೋಡಿಸೂ ಪ್ರಸಂಗಾನಽ ಬಂದಿಲ್ಲ. ಅದರಾಗ ಜೋಡು ಇದ್ರ, ಅದು ಮೊದಲ ಗಿಡ್ಡ ಇದ್ದ ಕೋಲು. ನಂದೊಂದು ಬಿಟ್ಟು ಯಾರದರ ಆಗಿರಬಹುದು.”

ಬಾಳೇಶನಿಗೆ ಬಿಚ್ಚುವ ಮನಸ್ಸಿರಲಿಲ್ಲ. ಮುಚ್ಚಿದ ಹಿಡಿ ಅವನ ಕಡೆ ಇತ್ತು, ಬಿಚ್ಚಿದ ಹಿಡಿ ಯಾರ ಕಡೆಯೋ. ಆದರೆ ಮರೆವ್ವ ಆಗಲೇ ಪಂಚನಾಮೆಯ ಕಾಗದ ತೆಗೆದು, ಕಟ್ಟೆಯ ಮೇಲಿನ ಇಬ್ಬರನ್ನು ಸಾಕ್ಷಿಗೆಂದು ಕರೆದಿದ್ದಳು. ಅವರು ಎಮ್ಮೆಯ ಹಗ್ಗವನ್ನು ಬೇವಿನ ಮರಕ್ಕೆ ಬಿಗಿದು, ಮೀಸೆ ಸರಿಮಾಡಿಕೊಂಡು ಬಂದು ನಿಂತರು. ಗೊರಸು ಕೆತ್ತುವ ಚಾಕುವನ್ನು ದವಾಖಾನೆಯೇ ಒದಗಿಸಿತು.

ಬಾಳೇಶ ನೀಲಿ ರಬ್ಬರನ್ನು ಉದ್ದಕ್ಕೆ ಸೀಳಿದ.

ಮೊದಲು ಕಂಡದ್ದು ಅರಿವೆ. ಮಾಲಿಂಗಪ್ಪ ಬಿಗಿಯಾಗಿ ಸುತ್ತಿದ್ದ. ಬಾಳೇಶ ಅದನ್ನು ತುದಿಯಿಂದ ಬಿಚ್ಚುತ್ತ ಹೋದ. ಅದರ ಅಡಿಯಲ್ಲಿ, ಕಬ್ಬಿಣದ ಕೊಳವೆ ಮುಗಿಯುವಲ್ಲಿ, ಹೊಸದಾಗಿ ಅಂಟಿಸಿದ ತುಂಡು. ಅಂಟು ಇನ್ನೂ ಹೊಳೆಯುತ್ತಿತ್ತು. ತುಂಡಿನ ಉದ್ದ ಬೂಟಿನ ಅಟ್ಟೆಯ ದಪ್ಪದಷ್ಟು.

“ಜೋಡು ಐತಿ,” ಎಂದು ಸಾಕ್ಷಿಗಳಲ್ಲೊಬ್ಬ ಯಾರೂ ಕೇಳದೆಯೇ ಹೇಳಿದ.

ಅಂದರೆ ಇದು ಕಿಶೋರನದಲ್ಲ; ಅವನದು ಹಳೆಯ ಹಿಡಿ ಕಳಚಿ, ಗುರುತು ಸಿಗದೆ ಮಾಲಿಂಗಪ್ಪನ ಕೋಲುಗಳ ನಡುವೆಯೇ ಬಿದ್ದಿರಬೇಕು. ಬರಿಗಾಲಲ್ಲಿ ಅಳತೆ ಕೊಟ್ಟ ಯಾರದೋ ಹಳೆಯ ಕೋಲು. ಗುಟ್ಟು ತಿಳಿದವರೊಬ್ಬರು ಅದನ್ನು ಮಾಲಿಂಗಪ್ಪನ ಬಳಿ ತಂದು, ಡಾಕ್ಟರನ ಅಳತೆಗೆ, ಡಾಕ್ಟರನ ಬಣ್ಣದಲ್ಲಿ ತಿದ್ದಿಸಿದ್ದರು. ಐತವಾರದ ಫೈನಲ್ಲು ಬಾಳೇಶನ ಕೈಯಿಂದ ಮೆಲ್ಲಗೆ ಜಾರಿತು. ಅದರ ದುಃಖವನ್ನು ಅನುಭವಿಸಲು ಅವನಿಗೆ ಪುರಸತ್ತಾಗಲಿಲ್ಲ.

ಏಕೆಂದರೆ ಅವನ ಕೈಯಲ್ಲಿದ್ದ ಅರಿವೆ ಅರಿಶಿನ ಬಣ್ಣದ್ದಾಗಿತ್ತು.

ಅಂಚು ಕೆಂಪು. ಗೋಮಿ. ಇಳಕಲ್ಲಿನ ಗೋಮಿ ಅಂಚಿನ ಸೀರೆ ಈ ಭಾಗದಲ್ಲಿ ಯಾರ ಪೆಟ್ಟಿಗೆಯಲ್ಲಿಲ್ಲ ಎಂದು ಬಾಳೇಶ ತನಗೆ ತಾನೇ ಹೇಳಿಕೊಂಡ. ಪಟ್ಟಿಯ ಕೊನೆಯ ಸುತ್ತು ಬಿಚ್ಚಿತು. ಅಲ್ಲಿ, ಹರಿದ ಜಾಗದಲ್ಲಿ, ಇರುವೆಯ ಸಾಲಿನಂತೆ ಹಸಿರು ನೂಲಿನ ಹೊಲಿಗೆ.

ಅವನಿಗೆ ಮೊದಲು ನೆನಪಾದದ್ದು ಪೆಟ್ಟು ತಿಂದ ಮಾಲಿಂಗಪ್ಪನಲ್ಲ. ಹೊಸ್ತಿಲ ಮುಂದಿನ ಚಪ್ಪಲಿಯೂ ಅಲ್ಲ. ಚಪ್ಪಾಳೆ. ಆ ಸೀರೆಯನ್ನು ಲಕ್ಷ್ಮೀ ಯಾರ ಕೈಗೆ ಒಗ್ಗಲೆಂದು ಹರಿದು ಕೊಟ್ಟಳು? ನೀಲಿ ಬಣ್ಣವನ್ನು ಯಾರಿಗಾಗಿ ಆರಿಸಿದಳು? ಆಮೇಲೆ, ಬಹಳ ತಡವಾಗಿ, ಮಾಲಿಂಗಪ್ಪನ ಅಂಗಳದಲ್ಲಿ ಈ ಕೋಲು ತನ್ನ ಕೈಯಲ್ಲಿ ಕೂತ ಬಗೆ ನೆನಪಾಯಿತು. ಮನೆಯ ಅಟ್ಟದ ಮೇಲೆ ಎಸೆದಿದ್ದ ತನ್ನ ಹಳೆಯ ಕೋಲುಗಳ ಕಟ್ಟೂ ನೆನಪಾಯಿತು; ಅದರೊಳಗಿನ ಏಳನೆಯದನ್ನು ಒಯ್ದವಳ ಚಪ್ಪಲಿಯೇ ಆ ಹೊಸ್ತಿಲ ಮುಂದೆ ಇದ್ದದ್ದು.

“ಬೂಟಿನ ಗುಟ್ಟು,” ಎಂದ. “ಯಾರಿಗರ ಹೇಳಿದ್ದಿಯೇನು?”

“ಒಬ್ಬರಿಗೆ ಹೇಳೇನಿ,” ಎಂದ ಕಿಶೋರ. “ಯಾಕ ಎಲ್ಲಾರೂ ಬಗ್ಗಿ ಹೊಡೀತಾರ, ನೀವೊಬ್ಬರು ಯಾಕ ಬಗ್ಗಂಗಿಲ್ಲ ಅಂತ ಕೇಳಿದ್ರು. ಎರಡು ವರ್ಷದಾಗ ಕೇಳಿದವರು ಅವರೊಬ್ಬರಽ.” ಸಾಕ್ಷಿಗಳ ಕಡೆ ನೋಡಿ, ದನಿ ತಗ್ಗಿಸಿದ. “ಹೆಸರು ಇಲ್ಲೇ ಹೇಳ್ಲೇನ್ರಿ?”

“ಬ್ಯಾಡ,” ಎಂದ ಬಾಳೇಶ.

ಬಾಯಿ ಬಿಡಿಸಲು ಬಂದವನು ಬಾಯಿ ಮುಚ್ಚಿಸಿದ್ದನ್ನು ಕಿಶೋರ ಗಮನಿಸಿದ. ಆದರೆ ಗೆದ್ದವನ ಮುಖ ಮಾಡಲಿಲ್ಲ. ಅದನ್ನೂ ಬಾಳೇಶ ಕ್ಷಮಿಸಲಾರದೆ ಹೋದ.

ಮರೆವ್ವ ಕಟ್ಟೆಯ ಮೇಲೆ ಕಾಗದವಿಟ್ಟುಕೊಂಡು ಬರೆಯುತ್ತಿದ್ದಳು. ಕೋಲು ಒಂದು, ಏಳನೇ ನಂಬರಿನದು. ನೀಲಿ ಹಿಡಿ, ಸೀಳಿದ್ದು. ಒಳಗೆ ಜೋಡಿಸಿದ ತುಂಡು ಒಂದು. ಅರಿವೆಯ ಪಟ್ಟಿ ಒಂದು.

“ಅರಿವಿ ಯಾರದಂತ ಬರೀಲಿರಿ ಸರ್?”

ಎಮ್ಮೆ ಹಗ್ಗ ಜಗ್ಗಿತು. ಸಾಕ್ಷಿಗಳು ಕಾದು ನಿಂತಿದ್ದರು.

“ಗೊತ್ತಿಲ್ಲಂತ ಬರಿ,” ಎಂದ ಬಾಳೇಶ.

ಮರೆವ್ವ ಬರೆಯಲಿಲ್ಲ. ಕೈ ಚಾಚಿ ಪಟ್ಟಿಯ ತುದಿಯನ್ನು ಎರಡು ಬೆರಳಲ್ಲಿ ಹಿಡಿದು, ಬೆಳಕಿಗೆ ತಿರುಗಿಸಿ ನೋಡಿದಳು. ಆಮೇಲೆ ಪೆನ್ನಿನ ಮುಚ್ಚಳ ಹಾಕಿದಳು.

“ಬಹುಮಾನದ ದಿನ ನಾನೂ ಬಂದೋಬಸ್ತಿಗೆ ಇದ್ನಿರಿ ಸರ್,” ಎಂದಳು. “ಲಕ್ಷ್ಮೀಬಾಯಾರ ಸೆರಗು ತಂತಿಗೆ ಸಿಕ್ಕಿತ್ತು. ಈ ಹಸಿರು ನೂಲು ನಂದ ಐತ್ರಿ.”